ಸ್ಪರ್ಶದ ಹಾದಿಯನ್ನು ಬರೆದ ಕೈ: ಸಾಂತಿಯಾಗೊ ರಮೋನ್ ಇ ಕಹಾಲ್

ಶತಮಾನೋತ್ಸವದ ಈ ಸಂಚಿಕೆಗೆ ಮಹನೀಯರೊಬ್ಬರ ಜೀವನಚರಿತ್ರೆಯನ್ನು ಬರೆದುಕೊಡಬೇಕೆಂದು ಸಂಪಾದಕ ಸಮಿತಿಯವರು ಕೇಳಿದಾಗ, ನಾವು ನಾಡಿನ ಕವಿಯೊಬ್ಬರನ್ನೋ ಹೋರಾಟಗಾರರೊಬ್ಬರನ್ನೋ ಆರಿಸಿಕೊಳ್ಳುವೆವೆಂದು ಅವರು ಎಣಿಸಿದ್ದಿರಬೇಕು. ನಾವು ಆರಿಸಿಕೊಂಡದ್ದು ಸ್ಪೇನ್ ದೇಶದ ಒಬ್ಬ ವೈದ್ಯವಿಜ್ಞಾನಿಯನ್ನು. ಕಾಸರಗೋಡಿನ ಕನ್ನಡ ಶಾಲೆಗೂ ಅವರಿಗೂ ಏನು ಸಂಬಂಧ ಎಂಬ ಪ್ರಶ್ನೆ ಸಹಜವೇ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಮಗುವನ್ನು ಸೇರಿಸಲೆಂದು ಬರುವ ತಂದೆತಾಯಿಗಳು ನಮ್ಮ ಮೇಜಿನ ಎದುರು ಕುಳಿತು, ಸ್ವಲ್ಪ ಸಂಕೋಚದಿಂದ, ಒಂದು ಮಾತನ್ನು ಕೇಳಿಯೇ ಕೇಳುತ್ತಾರೆ. ವಿಜ್ಞಾನವನ್ನು ಕನ್ನಡದಲ್ಲಿ ಓದಿದ ಮಗುವನ್ನು ಮುಂದೆ ಯಾರು ಕೇಳುತ್ತಾರೆ ಎಂಬುದು ಆ ಮಾತಿನ ಸಾರ. ಅವರಿಗೆ ನಾವು ಕೊಡುತ್ತ ಬಂದ ಉತ್ತರಗಳು ನಮಗೇ ಪೂರ್ತಿಯಾಗಿ ತೃಪ್ತಿಕೊಟ್ಟಿಲ್ಲ. ಜಗತ್ತಿನ ವಿದ್ವಾಂಸರು ಓದದಿದ್ದ ಭಾಷೆಯೊಂದರಲ್ಲಿ ಬರೆದು, ಜಗತ್ತಿನ ಎಲ್ಲ ಪಾಠಪುಸ್ತಕಗಳನ್ನೂ ಹೊಕ್ಕ ಈ ವಿಜ್ಞಾನಿಯ ಬದುಕನ್ನು ಹೇಳಲು ಹೊರಟದ್ದು ಆ ಅತೃಪ್ತಿಯಿಂದಲೇ ಎಂದು ಮೊದಲಿಗೇ ಒಪ್ಪಿಕೊಳ್ಳುತ್ತೇವೆ.

ಅವರ ಕೆಲಸವೇನೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಸುಲಭವಾಗಿ ನೆನಪಿಸಬಹುದು. ಮಳೆಗಾಲದಲ್ಲಿ ಅಡಕೆ ಮರದ ಕಾಲುಸಂಕವನ್ನು ದಾಟಿ ಶಾಲೆಗೆ ಬಂದವರು ಅವರಲ್ಲಿ ಎಷ್ಟೋ ಮಂದಿ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪುಸ್ತಕದ ಚೀಲ, ಕಣ್ಣು ಆಚೆಯ ದಡದ ಮೇಲೆ. ಕಾಲನ್ನು ಯಾರೂ ನೋಡುತ್ತಿರಲಿಲ್ಲ. ಆದರೂ ಪಾದ ಎಲ್ಲಿದೆ, ಮೊಣಕಾಲು ಎಷ್ಟು ಬಾಗಿದೆ, ಮರ ಎಷ್ಟು ಜಾರುತ್ತಿದೆ ಎಂಬುದೆಲ್ಲ ಕ್ಷಣಕ್ಷಣವೂ ತಲೆಗೆ ತಿಳಿಯುತ್ತಿತ್ತು. ಈ ವಾರ್ತೆ ಯಾವ ಹಾದಿಯಲ್ಲಿ ಹೋಗುತ್ತದೆ? ಅದು ಒಂದೇ ಅಖಂಡ ತಂತಿಯೇ, ಅಥವಾ ಕೈಯಿಂದ ಕೈಗೆ ದಾಟುವ ಓಲೆಯೇ? 19ನೆಯ ಶತಮಾನದ ಕೊನೆಯವರೆಗೂ ಇದಕ್ಕೆ ಖಚಿತವಾದ ಉತ್ತರವಿರಲಿಲ್ಲ. ಉತ್ತರವನ್ನು ಕಣ್ಣಿಗೆ ಕಾಣುವಂತೆ ಬರೆದು ತೋರಿಸಿದವರು ಕಹಾಲ್.

ಸಾಂತಿಯಾಗೊ ರಮೋನ್ ಇ ಕಹಾಲ್ ಹುಟ್ಟಿದ್ದು 1852ರ ಮೇ 1ರಂದು, ಪೆತಿಲ್ಯಾ ದೆ ಅರಗೋನ್ ಎಂಬ ಬೆಟ್ಟದ ಹಳ್ಳಿಯಲ್ಲಿ. ಊರಿನ ಹೆಸರಿನಲ್ಲಿ ಅರಗೋನ್ ಇದೆ, ಸುತ್ತಮುತ್ತಲ ನೆಲವೆಲ್ಲ ಅರಗೋನ್ ಸೀಮೆಯದು; ಆದರೆ ಊರು ಮಾತ್ರ ಆಡಳಿತದಲ್ಲಿ ನವಾರ್ರ ಸೀಮೆಗೆ ಸೇರಿದೆ. ಬಹಳ ಹಿಂದಿನ ಗಡಿಯ ಲೆಕ್ಕಾಚಾರವೊಂದು ಹಾಗೆಯೇ ಉಳಿದುಬಿಟ್ಟಿದೆ. 1956ರ ನವೆಂಬರದಲ್ಲಿ ಇದ್ದ ಜಾಗದಲ್ಲಿಯೇ ಇದ್ದು ಬೇರೆ ರಾಜ್ಯಕ್ಕೆ ಸೇರಿದ ನಮ್ಮ ಊರುಗಳ ಜನಕ್ಕೆ ಇದು ವಿಚಿತ್ರವೆನಿಸದು.

ತಂದೆ ಹುಸ್ತೊ ರಮೋನ್ ಬಡತನದಿಂದ ಮೇಲೆ ಬಂದು ಶಸ್ತ್ರವೈದ್ಯರಾದವರು, ಛಲವಾದಿ, ಕಟ್ಟುನಿಟ್ಟಿನ ಮನುಷ್ಯ. ತಾಯಿ ಅಂತೋನಿಯಾ ಕಹಾಲ್. ಕೆಲಸದ ಬೆನ್ನು ಹತ್ತಿ ಕುಟುಂಬ ಊರಿಂದೂರಿಗೆ ಸಾಗುತ್ತಿತ್ತು. ವಾಲ್ಪಾಲ್ಮಾಸ್ ಎಂಬಲ್ಲಿದ್ದಾಗ ಮನೆಯ ಗದ್ದಲದಿಂದ ದೂರವಾಗಿ, ಕುರುಬರು ಬಿಟ್ಟುಹೋಗಿದ್ದ ಗುಹೆಯೊಂದರಲ್ಲಿ ಮಗನನ್ನು ಕೂರಿಸಿಕೊಂಡು ತಂದೆ ಫ್ರೆಂಚ್ ಭಾಷೆಯನ್ನು ಕಲಿಸಿದರು. ಗುಹೆಯಲ್ಲಿ ಕಲಿತ ಆ ಫ್ರೆಂಚ್ ಮೂವತ್ತು ವರ್ಷಗಳ ಅನಂತರ ಬರ್ಲಿನ್ನಿನಲ್ಲಿ ಪ್ರಯೋಜನಕ್ಕೆ ಬಂದಿತು.

ಇಷ್ಟಾದರೂ ಹುಡುಗ ಶಾಲೆಯಲ್ಲಿ ಒಳ್ಳೆಯ ಹೆಸರು ತೆಗೆದುಕೊಳ್ಳಲಿಲ್ಲ. ಅವನಿಗಿದ್ದದ್ದು ಒಂದೇ ಹುಚ್ಚು, ಚಿತ್ರ ಬರೆಯುವುದು. ಕಾಗದ ಸಿಕ್ಕದಿದ್ದರೆ ಗೋಡೆ, ಗೋಡೆ ಸಿಕ್ಕದಿದ್ದರೆ ಪುಸ್ತಕದ ಅಂಚು. ಚಿತ್ರಕಲೆ ಹೊಟ್ಟೆ ಹೊರೆಯದ ಕಸುಬೆಂದು ತಂದೆಯ ಖಂಡಿತವಾದ ಅಭಿಪ್ರಾಯ. ಮಗನಲ್ಲಿ ನಿಜವಾದ ಪ್ರತಿಭೆ ಇದೆಯೇ ಎಂದು ಪರೀಕ್ಷಿಸಲು ಅವರು ಒಮ್ಮೆ ಚಿತ್ರವೊಂದನ್ನು ಊರಿಗೆ ಬಂದಿದ್ದ ಗೋಡೆ ಬಣ್ಣದ ಕೆಲಸಗಾರನಿಗೆ ತೋರಿಸಿದರಂತೆ. ಆತ ಇದು ಬರಿಯ ಗೀಚು ಎಂದು ತೀರ್ಪಿತ್ತ. ವಿಷಯ ಅಲ್ಲಿಗೆ ಮುಗಿಯಿತು. ಹಾಕಾ ಎಂಬ ಊರಿನ ಪಾದ್ರಿಗಳ ಶಾಲೆಯಲ್ಲಿ ಉರುಹೊಡೆಯದ ತಪ್ಪಿಗೆ ಏಟು, ಉಪವಾಸ, ಕತ್ತಲೆ ಕೋಣೆ. ಹನ್ನೊಂದನೆಯ ವಯಸ್ಸಿನಲ್ಲಿ ಮರದ ದಿಮ್ಮಿಯಿಂದ ಫಿರಂಗಿಯೊಂದನ್ನು ಮಾಡಿ ನೆರೆಯವರ ತೋಟದ ಬಾಗಿಲನ್ನು ಹಾರಿಸಿಬಿಟ್ಟದ್ದಕ್ಕೆ ಊರ ಬಂದೀಖಾನೆಯಲ್ಲಿ ಕೆಲವು ದಿನ ಕಳೆದದ್ದೂ ಉಂಟು. ಬುದ್ಧಿ ಬರಲೆಂದು ತಂದೆ ಅವನನ್ನು ಮೊದಲು ಕ್ಷೌರಿಕನ ಬಳಿ, ಆಮೇಲೆ ಚಮ್ಮಾರನ ಬಳಿ ಕೆಲಸಕ್ಕೆ ಬಿಟ್ಟರು. ಚಮ್ಮಾರಿಕೆಯಲ್ಲಿ ಹುಡುಗ ಚೆನ್ನಾಗಿಯೇ ಪಳಗಿದ.

ಈ ಭಾಗವನ್ನು ಬರೆಯುವಾಗ ನಮಗೆ ನಮ್ಮ ವೇಳಾಪಟ್ಟಿಯೇ ಕಣ್ಣಮುಂದೆ ಬಂದಿತು. ಜನವರಿ ಬಂದೊಡನೆ ಚಿತ್ರಕಲೆಯ ಪಾಠದ ಹೊತ್ತನ್ನು ಗಣಿತಕ್ಕೆ ಬಿಟ್ಟುಕೊಡಿಸಿದವರಲ್ಲಿ ನಾವೂ ಸೇರಿದ್ದೇವೆ. ನೋಟ್ ಪುಸ್ತಕದ ಕೊನೆಯ ಪುಟಗಳಲ್ಲಿ ಚಿತ್ರ ಬರೆದ ಮಕ್ಕಳನ್ನು ಎದ್ದುನಿಲ್ಲಿಸಿದ್ದೇವೆ.

1868ರ ಬೇಸಿಗೆಯಲ್ಲಿ ತಂದೆಗೆ ಒಂದು ಉಪಾಯ ಹೊಳೆಯಿತು. ಹದಿನಾರು ವರ್ಷದ ಮಗನನ್ನು ಹಳೆಯ ಸ್ಮಶಾನಕ್ಕೆ ಕರೆದೊಯ್ದು, ಅಲ್ಲಿ ನೆಲದಿಂದ ಮೇಲೆದ್ದಿದ್ದ ಮೂಳೆಗಳನ್ನು ಆಯ್ದು ತಂದು, ಮನೆಯಲ್ಲಿ ಅಸ್ಥಿಗಳ ಪಾಠವನ್ನು ಆರಂಭಿಸಿದರು. ಮೂಳೆಯನ್ನು ಕಂಡೊಡನೆ ಹುಡುಗ ಮಾಡಿದ್ದು ಅದನ್ನು ಬರೆಯುವುದು. ಒಂದೊಂದು ಉಬ್ಬು, ಒಂದೊಂದು ರಂಧ್ರ, ನರ ಹಾಯುವ ಒಂದೊಂದು ಕಾಲುವೆ ಅವನ ಪೆನ್ಸಿಲಿನ ತುದಿಗೆ ಬಂದಿತು. ಉರುಹೊಡೆಯಲಾಗದವನಿಗೆ ಬರೆದದ್ದೆಲ್ಲ ನೆನಪಿನಲ್ಲಿ ನಿಂತಿತು. ತಂದೆ ಮಗನ ಜಗಳ ಹೀಗೆ ಇಬ್ಬರೂ ಸೋಲದೆ ಕೊನೆಗೊಂಡಿತು. ಮುಂದೆ ತಂದೆಯೂ ಜರಗೋಜಾದಲ್ಲಿ ಅಂಗರಚನೆಯ ಶಿಕ್ಷಕರಾದರು. ಮಗ ಬರೆದ ಚಿತ್ರಗಳಿಂದ ಒಂದು ಚಿತ್ರಸಂಪುಟವನ್ನೇ ತರಬೇಕೆಂಬ ಆಸೆ ಅವರಿಗಿತ್ತು, ಅಚ್ಚಿನ ಅನುಕೂಲವಿಲ್ಲದೆ ಅದು ಕೈಗೂಡಲಿಲ್ಲ.

1873ರಲ್ಲಿ ವೈದ್ಯ ಪದವಿ. ಸೈನ್ಯದ ವೈದ್ಯರಾಗಿ ಕ್ಯೂಬಾ ದ್ವೀಪಕ್ಕೆ ಹೋದ ಕಹಾಲರು ಜೌಗುನೆಲದ ಆಸ್ಪತ್ರೆಗಳಲ್ಲಿ ಮಲೇರಿಯಾ, ರಕ್ತಭೇದಿಗಳಿಗೆ ತುತ್ತಾಗಿ 1875ರಲ್ಲಿ ಎಲುಬು ಚರ್ಮವಾಗಿ ಹಿಂದಿರುಗಿದರು. ಆ ಸೇವೆಯಲ್ಲಿ ಉಳಿಸಿದ ಸಂಬಳದಿಂದ ಕೊಂಡದ್ದು ಸೂಕ್ಷ್ಮದರ್ಶಕ. ಪ್ರಯೋಗಾಲಯವಿಲ್ಲದ ದೇಶದಲ್ಲಿ ಮನೆಯ ಕೋಣೆಯೇ ಪ್ರಯೋಗಾಲಯವಾಯಿತು. 1878ರಲ್ಲಿ ಕ್ಷಯ ಕಾಣಿಸಿಕೊಂಡು ರಕ್ತ ಕಾರಿದಾಗ ಬದುಕುವ ಭರವಸೆಯೇ ಉಳಿದಿರಲಿಲ್ಲ. ಬೆಟ್ಟದ ಗಾಳಿಯಲ್ಲಿ ಚೇತರಿಸಿಕೊಂಡರು. ಮರುವರ್ಷ ಸಿಲ್ವೆರಿಯಾ ಫಾನ್ಯಾನಾಸ್ ಅವರೊಡನೆ ಮದುವೆ. ಹೆಚ್ಚುತ್ತಿದ್ದ ಸಂಸಾರವನ್ನು ಪ್ರಾಧ್ಯಾಪಕನ ಅಲ್ಪ ಸಂಬಳದಲ್ಲಿ ತೂಗಿಸುತ್ತ, ಗಂಡನ ಗಾಜಿನ ಫಲಕಗಳಿಗೂ ಪತ್ರಿಕೆಯ ಅಚ್ಚಿಗೂ ಹಣವನ್ನು ಬೇರೆಯಾಗಿಟ್ಟ ಈ ತಾಯಿಯ ಹೆಸರನ್ನು ವಿಜ್ಞಾನದ ಇತಿಹಾಸಗಳು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ಮುಗಿಸುತ್ತವೆ. ನಮ್ಮಲ್ಲಿಯೂ ಸ್ಥಳವಿಲ್ಲ, ಆದರೆ ಅದು ಅನ್ಯಾಯವೆಂದು ಹೇಳದೆ ಮುಂದೆ ಹೋಗಲಾರೆವು.

1884ರ ಆರಂಭದಲ್ಲಿ ಅವರು ವಲೆನ್ಸಿಯಾದಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರಾಗಿ ನೆಲೆಸಿದರು. 1885ರಲ್ಲಿ ಅಲ್ಲಿ ಕಾಲರಾ ಬಿದ್ದಿತು. ಆ ಪಿಡುಗಿನ ಬಗೆಗೆ ಅವರು ನಡೆಸಿದ ಪರಿಶೀಲನೆಗೆ ಜರಗೋಜಾ ಪ್ರಾಂತದ ಆಡಳಿತ ಕೊಟ್ಟ ಉಡುಗೊರೆ ಒಂದು ಉತ್ತಮ ಝೈಸ್ ಸೂಕ್ಷ್ಮದರ್ಶಕ. ಪದಕದ ಬದಲು ಉಪಕರಣ ಕೊಟ್ಟ ಆ ಅಧಿಕಾರಿಗಳ ವಿವೇಕವನ್ನು ಮೆಚ್ಚಬೇಕು.

ಇನ್ನು ಕಥೆಯ ತಿರುವು. ಇಟಲಿಯ ಕಮಿಲ್ಲೊ ಗೋಲ್ಗಿ 1873ರಲ್ಲಿಯೇ ಒಂದು ವರ್ಣಕ್ರಮವನ್ನು ಕಂಡುಹಿಡಿದಿದ್ದರು. ಮಿದುಳಿನ ತುಣುಕನ್ನು ಪೊಟ್ಯಾಸಿಯಂ ಡೈಕ್ರೋಮೇಟಿನಲ್ಲಿ ನೆನೆಸಿ, ಆಮೇಲೆ ಸಿಲ್ವರ್ ನೈಟ್ರೇಟಿನಲ್ಲಿ ಇಟ್ಟರೆ, ಅಸಂಖ್ಯ ನರಕೋಶಗಳ ನಡುವೆ ಕೆಲವೇ ಕೆಲವು ಮಾತ್ರ ಅಡಿಯಿಂದ ಮುಡಿಯವರೆಗೆ ಕಪ್ಪಾಗಿ, ಹಳದಿ ಹಿನ್ನೆಲೆಯ ಮೇಲೆ ಶಾಯಿಯಿಂದ ಬರೆದಂತೆ ಎದ್ದು ನಿಲ್ಲುತ್ತವೆ. ಎಲ್ಲವೂ ಬಣ್ಣ ಹಿಡಿದಿದ್ದರೆ ಕಗ್ಗತ್ತಲೆಯಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಈ ಕ್ರಮ ಒಮ್ಮೆ ಫಲಿಸಿದರೆ ಹತ್ತು ಸಲ ಕೈಕೊಡುತ್ತಿದ್ದುದರಿಂದ ಯುರೋಪಿನ ಪಂಡಿತರು ಅದನ್ನು ಹೆಚ್ಚು ಗಮನಿಸಿರಲಿಲ್ಲ. 1887ರಲ್ಲಿ ಮಾದ್ರಿದ್ ನಗರಕ್ಕೆ ಹೋಗಿದ್ದಾಗ, ವೈದ್ಯ ಲೂಯಿಸ್ ಸಿಮಾರ್ರೊ ಅವರ ಮನೆಯಲ್ಲಿ ಕಹಾಲರು ಅಂಥ ಒಂದು ಫಲಕವನ್ನು ನೋಡಿದರು. ಚಿತ್ರಕಾರನ ಕಣ್ಣಿಗೆ ಅದು ಏನೆಂದು ಕೂಡಲೇ ತಿಳಿಯಿತು.

ಅದೇ ವರ್ಷ ಬಾರ್ಸಿಲೋನಾಕ್ಕೆ ವರ್ಗವಾಯಿತು. ಅಲ್ಲಿ ಅವರು ಆ ಕ್ರಮವನ್ನು ಎರಡೆರಡು ಸಲ ನಡೆಸಿ ಬಣ್ಣವನ್ನು ಗಟ್ಟಿಮಾಡಿದರು. ಅದಕ್ಕಿಂತ ಮುಖ್ಯವಾಗಿ, ಬೆಳೆದ ಪ್ರಾಣಿಗಳನ್ನು ಬಿಟ್ಟು ಮೊಟ್ಟೆಯೊಳಗಿನ ಕೋಳಿಮರಿಯನ್ನೂ ಆಗತಾನೆ ಹುಟ್ಟಿದ ಎಳೆಯ ಪ್ರಾಣಿಗಳನ್ನೂ ಆಯ್ದುಕೊಂಡರು. ಬೆಳೆದ ನರತಂತುಗಳಿಗೆ ಕೊಬ್ಬಿನ ಹೊದಿಕೆ ಬಂದಿರುತ್ತದೆ, ಅದನ್ನು ಬೆಳ್ಳಿ ಹೊಗುವುದಿಲ್ಲ. ಎಳೆಯವಕ್ಕೆ ಆ ಹೊದಿಕೆ ಇನ್ನೂ ಮೂಡಿರುವುದಿಲ್ಲ. ದಟ್ಟ ಕಾಡಿನಲ್ಲಿ ಯಾವ ಕೊಂಬೆ ಯಾವ ಮರದ್ದೆಂದು ಹೇಳುವುದು ಕಷ್ಟ, ಸಸಿಗಳ ತೋಪಿನಲ್ಲಿ ಸುಲಭ.

ಆ ಕಾಲದ ನಂಬಿಕೆ ಏನಿತ್ತೆಂದರೆ, ನರವ್ಯೂಹವೆಲ್ಲವೂ ಒಂದೇ ಹೆಣಿಗೆಯ ಬಲೆ. ಒಂದು ಕೋಶದ ತಂತು ಇನ್ನೊಂದರಲ್ಲಿ ಕರಗಿ ಒಂದಾಗಿಬಿಟ್ಟಿದೆ. ಗೋಲ್ಗಿಯವರೂ ಹಾಗೆಯೇ ನಂಬಿದ್ದರು. ಕೋಳಿಯ ಅನುಮಸ್ತಿಷ್ಕವನ್ನು ನೋಡುತ್ತಿದ್ದ ಕಹಾಲರಿಗೆ ಕಂಡದ್ದು ಬೇರೆ. ತಂತುಗಳು ಇನ್ನೊಂದು ಕೋಶವನ್ನು ಬುಟ್ಟಿಯ ಹಾಗೆ ಸುತ್ತಿಕೊಳ್ಳುತ್ತವೆ, ಬಳ್ಳಿ ಮರವನ್ನು ಹಬ್ಬುವಂತೆ ಹಬ್ಬುತ್ತವೆ, ಆದರೆ ಒಂದಾಗುವುದಿಲ್ಲ. ಪ್ರತಿಯೊಂದು ನರಕೋಶವೂ ತನ್ನ ಎಲ್ಲೆಯೊಳಗೆ ಸ್ವತಂತ್ರ. ಅದು ನೆರೆಯ ಕೋಶವನ್ನು ತಾಕುತ್ತದೆ, ಬೆರೆಯುವುದಿಲ್ಲ. 1888ರಲ್ಲಿ ಅವರು ಇದನ್ನು ಪ್ರಕಟಿಸಿದರು.

ಈ ಮಾತು ನಿಜವಾದರೆ, ಅಂಗಾಲಿನಿಂದ ಹೊರಟ ವಾರ್ತೆ ಎಲ್ಲೋ ಒಂದೆಡೆ ಒಂದು ಕೋಶದಿಂದ ಇನ್ನೊಂದಕ್ಕೆ ಹಸ್ತಾಂತರವಾಗಲೇಬೇಕು. ಅದು ಎಲ್ಲಿ? ಕಹಾಲರೂ ಅವರ ಹಿಂದಿನ ಮುಂದಿನ ಹಲವರೂ ಸೇರಿ ಬಿಡಿಸಿದ ಆ ಹಾದಿಯನ್ನು, ಕಾಲುಸಂಕದ ಮೇಲೆ ಬರಿಗಾಲಿಡುವ ಮಗುವಿನ ಪಾದದಿಂದಲೇ ಹಿಡಿದು ನೋಡಬಹುದು.

ಚರ್ಮದ ಒಳಗೆ ಒತ್ತಡವನ್ನೂ ಕಂಪನವನ್ನೂ ಗುರುತಿಸುವ ಸೂಕ್ಷ್ಮ ಗ್ರಾಹಕಗಳಿವೆ. ಸ್ನಾಯುಗಳೊಳಗೆ, ಸ್ನಾಯು ಎಷ್ಟು ಹಿಗ್ಗಿದೆ ಎಂಬುದನ್ನು ಅಳೆಯುವ ಕದಿರಿನಾಕಾರದ ಗ್ರಾಹಕಗಳಿವೆ. ಇವುಗಳಿಂದ ಹೊರಡುವ ನರತಂತುವಿನ ಒಡೆಯ ಕೋಶ ಇರುವುದು ಪಾದದಲ್ಲಲ್ಲ, ಬೆನ್ನೆಲುಬಿನ ಪಕ್ಕದ ಪುಟ್ಟ ನರಗಂಟಿನಲ್ಲಿ. ಆ ಕೋಶಕ್ಕೆ ಒಂದೇ ಕಾಂಡ. ಅದು ಸ್ವಲ್ಪ ದೂರ ಹೋಗಿ ಎರಡಾಗಿ ಕವಲೊಡೆದು, ಒಂದು ಕವಲು ಪಾದದತ್ತ, ಒಂದು ಬೆನ್ನುಹುರಿಯತ್ತ ಸಾಗುತ್ತದೆ. ಬೆನ್ನುಹುರಿಯನ್ನು ಹೊಕ್ಕ ತಂತು ಮತ್ತೆ ಇಬ್ಭಾಗವಾಗಿ ಮೇಲಕ್ಕೂ ಕೆಳಕ್ಕೂ ಹರಿಯುವುದನ್ನೂ, ದಾರಿಯಲ್ಲಿ ಅದರಿಂದ ಸಣ್ಣ ಸಣ್ಣ ಪಾರ್ಶ್ವಶಾಖೆಗಳು ಒಡೆದು ಪಕ್ಕದ ಕೋಶಗಳನ್ನು ತಾಕುವುದನ್ನೂ ಕಹಾಲರು ಎಳೆಯ ಪ್ರಾಣಿಗಳಲ್ಲಿ ಸ್ಪಷ್ಟವಾಗಿ ಬರೆದು ತೋರಿಸಿದರು. ಮೇಲಕ್ಕೆ ಹೋಗುವ ಕವಲು ಬೆನ್ನುಹುರಿಯ ಹಿಂಭಾಗದಲ್ಲಿ, ತಾನು ಹೊಕ್ಕ ಪಕ್ಕದಲ್ಲಿಯೇ, ಎಲ್ಲಿಯೂ ನಿಲ್ಲದೆ ಕತ್ತಿನವರೆಗೂ ಏರುತ್ತದೆ. ಎತ್ತರದ ಮನುಷ್ಯನಲ್ಲಿ, ಕಾಲ್ಬೆರಳಿನಿಂದ ಅಲ್ಲಿಯವರೆಗೆ ಒಂದೇ ಕೋಶದ ತಂತು ಒಂದು ಮೀಟರಿಗಿಂತಲೂ ಉದ್ದ. ಕೋಶ ಕಣ್ಣಿಗೆ ಕಾಣದಷ್ಟು ಚಿಕ್ಕದು, ಅದರ ಬಾಲ ಆಳುದ್ದ!

ಮೊದಲ ಕಟ್ಟೆ ಮಿದುಳಿನ ಕಾಂಡದಲ್ಲಿದೆ. ಬೆನ್ನುಹುರಿ ತಲೆಬುರುಡೆಯನ್ನು ಹೊಕ್ಕು ದಪ್ಪವಾಗುವ ಕೆಳಭಾಗಕ್ಕೆ ಮೆಡುಲ್ಲಾ, ನಮ್ಮ ಪುಸ್ತಕಗಳಲ್ಲಿ ಮಣಿಶಿರ, ಎಂದು ಹೆಸರು. ಅದರ ಹಿಂಬದಿಯಲ್ಲಿ ಎಡಕ್ಕೂ ಬಲಕ್ಕೂ ಎರಡೆರಡು ಕೋಶಸಮೂಹಗಳು. ಒಳಗಿನದಕ್ಕೆ ಗೋಲ್ ಎಂಬುವರ ಹೆಸರು, ಅಲ್ಲಿಗೆ ಕಾಲು ಮತ್ತು ಕೆಳಮೈಯ ವಾರ್ತೆ ಬರುತ್ತದೆ; ಹೊರಗಿನದಕ್ಕೆ ಬುರ್ಡಾಖ್ ಎಂಬುವರ ಹೆಸರು, ಅಲ್ಲಿಗೆ ಕೈ ಮತ್ತು ಮೇಲ್ಮೈಯ ವಾರ್ತೆ. ಹಿಂದಿನ ಕಾಲದ ಟಪಾಲಿನ ಓಟಗಾರನು ಕಟ್ಟೆಗೆ ಬಂದು ಚೀಲವನ್ನು ಇನ್ನೊಬ್ಬನಿಗೆ ದಾಟಿಸಿದಂತೆ, ಇಲ್ಲಿ ಮೊದಲನೆಯ ಕೋಶ ತನ್ನ ವಾರ್ತೆಯನ್ನು ಎರಡನೆಯ ಕೋಶಕ್ಕೆ ಒಪ್ಪಿಸುತ್ತದೆ. ಎರಡನೆಯ ಕೋಶದ ತಂತು ಬಿಲ್ಲಿನಂತೆ ಬಾಗಿ, ನಡುಗೆರೆಯನ್ನು ದಾಟಿ, ಎದುರು ಪಕ್ಕಕ್ಕೆ ಹೋಗುತ್ತದೆ. ಬಲಗಾಲಿನ ಸುದ್ದಿ ಎಡಮಿದುಳಿಗೆ ಸೇರುವುದು ಈ ದಾಟಿನಿಂದ. ದಾಟಿದ ತಂತುಗಳೆಲ್ಲ ರಿಬ್ಬನ್ನಿನಂಥ ಒಂದು ಪಟ್ಟಿಯಾಗಿ ಕೂಡಿ, ಮಿದುಳಿನ ಕಾಂಡದ ಉದ್ದಕ್ಕೂ ಏರಿ, ಥಲಾಮಸ್ ಎಂಬ ಎರಡನೆಯ ಕಟ್ಟೆಯನ್ನು ಮುಟ್ಟುತ್ತವೆ. ಮುಖದ ಸ್ಪರ್ಶ ಬೇರೊಂದು ನರದ ಮೂಲಕ ನೇರವಾಗಿ ಮಿದುಳಿನ ಕಾಂಡಕ್ಕೇ ಬಂದು, ಅಲ್ಲಿ ದಾಟಿ, ಈ ಮೇಲೇರುವ ಹಾದಿಯ ಜೊತೆಗೂಡುತ್ತದೆ. ಥಲಾಮಸ್ಸಿನಿಂದ ಮೂರನೆಯ ಕೋಶ ವಾರ್ತೆಯನ್ನು ಮಹಾಮಸ್ತಿಷ್ಕದ ಹೊರಪದರಕ್ಕೆ ಒಯ್ಯುತ್ತದೆ. ಆಗ ಮಗುವಿಗೆ ಅರಿವಾಗುತ್ತದೆ: ಮರ ಜಾರುತ್ತಿದೆ.

ಮೂರೇ ಓಟಗಾರರು, ಎರಡೇ ಕಟ್ಟೆಗಳು. ನೋವಿನ ಮತ್ತು ಬಿಸಿತಂಪಿನ ವಾರ್ತೆಯ ಹಾದಿ ಬೇರೆ. ಅದು ಮಿದುಳಿನ ಕಾಂಡದವರೆಗೆ ಕಾಯದೆ ಬೆನ್ನುಹುರಿಯಲ್ಲಿಯೇ ದಾಟಿಬಿಡುತ್ತದೆ. ಆದ್ದರಿಂದ ಬೆನ್ನುಹುರಿಯ ಒಂದು ಅರ್ಧಕ್ಕೆ ಮಾತ್ರ ಪೆಟ್ಟಾದರೆ, ಪೆಟ್ಟಾದ ಪಕ್ಕದಲ್ಲಿ ಕಾಲು ಎಲ್ಲಿದೆ ಎಂಬ ಅರಿವು ಕೆಡುತ್ತದೆ, ಎದುರು ಪಕ್ಕದಲ್ಲಿ ಸೂಜಿ ಚುಚ್ಚಿದ ನೋವು ತಿಳಿಯದೆ ಹೋಗುತ್ತದೆ. ವೈದ್ಯರು ರೋಗಿಯನ್ನು ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸುವುದೂ ಈ ಹಾದಿಯನ್ನು ಪರೀಕ್ಷಿಸಲೆಂದೇ. ಹಾದಿ ಕೆಟ್ಟಿದ್ದರೆ, ಕಣ್ಣಿನ ಆಸರೆ ತಪ್ಪಿದೊಡನೆ ಮೈ ತೂಗಾಡುತ್ತದೆ. ದೇಹಸ್ಥಿತಿಯ ಇನ್ನೊಂದು ಪಾಲು ಅನುಮಸ್ತಿಷ್ಕಕ್ಕೆ ಹೋಗುತ್ತದೆ. ಅದು ನಮ್ಮ ಅರಿವಿಗೆ ಬಾರದೆಯೇ ನಡಿಗೆಯನ್ನು ತಿದ್ದುತ್ತಿರುತ್ತದೆ.

ಈ ಓಟ ಯಾವ ದಿಕ್ಕಿಗೆ ಎಂಬುದನ್ನು ನಿರ್ಧರಿಸಿದ್ದು ಕಹಾಲರ ಇನ್ನೊಂದು ಸಾಧನೆ. ಬೆಳ್ಳಿಯ ಬಣ್ಣ ಕೋಶದ ಆಕಾರವನ್ನು ತೋರಿಸುತ್ತದೆಯೇ ಹೊರತು ಚಲನೆಯನ್ನಲ್ಲ. ಅವರು ಕಣ್ಣಿನ ಹಿಂಪದರ, ವಾಸನೆಯ ಗಡ್ಡೆ ಮುಂತಾದ, ವಾರ್ತೆ ಎಲ್ಲಿಂದ ಬರುತ್ತದೆಂಬುದು ಮೊದಲೇ ತಿಳಿದಿರುವ ಅಂಗಗಳನ್ನು ನೋಡಿದರು. ಎಲ್ಲ ಕಡೆಯೂ ಕೋಶದ ಕೊಂಬೆಗಳು ವಾರ್ತೆಯ ಮೂಲದತ್ತ ಚಾಚಿದ್ದವು, ಉದ್ದನೆಯ ತಂತು ಅದರ ಗುರಿಯತ್ತ. ಕೊಂಬೆಗಳಲ್ಲಿ ಸ್ವೀಕಾರ, ತಂತುವಿನಲ್ಲಿ ರವಾನೆ ಎಂಬ ನಿಯಮವನ್ನು ಅವರು 1891ರ ಸುಮಾರಿಗೆ ಮಂಡಿಸಿದರು. ಅಂದಿನಿಂದ ಅವರ ಚಿತ್ರಗಳಲ್ಲಿ ಸಣ್ಣ ಸಣ್ಣ ಬಾಣಗಳು ಕಾಣಿಸಿಕೊಂಡವು.

ಇಷ್ಟನ್ನೂ ಕಂಡ ಮೇಲೆ ಅದನ್ನು ಯಾರಿಗೆ ಹೇಳುವುದು? ವಿಜ್ಞಾನದ ಭಾಷೆ ಆಗ ಜರ್ಮನ್, ಅದು ಬಿಟ್ಟರೆ ಫ್ರೆಂಚ್ ಮತ್ತು ಇಂಗ್ಲಿಷ್. ಸ್ಪ್ಯಾನಿಷ್ ಕೋಟಿಗಟ್ಟಲೆ ಜನರ ನುಡಿ. ಆದರೆ ಸ್ಪ್ಯಾನಿಷಿನಲ್ಲಿ ಬಂದ ಸೂಕ್ಷ್ಮರಚನೆಯ ಪ್ರಬಂಧವನ್ನು ಬರ್ಲಿನ್ನಿನಲ್ಲಾಗಲಿ ಲಂಡನ್ನಿನಲ್ಲಾಗಲಿ ಯಾರೂ ಬಿಡಿಸಿ ನೋಡುತ್ತಿರಲಿಲ್ಲ. ಕಹಾಲರು 1888ರ ಮೇ ತಿಂಗಳಲ್ಲಿ ತಮ್ಮದೇ ಖರ್ಚಿನಿಂದ ಸ್ಪ್ಯಾನಿಷಿನಲ್ಲಿ ಒಂದು ತ್ರೈಮಾಸಿಕವನ್ನು ಆರಂಭಿಸಿದರು. ಅಚ್ಚಾದದ್ದು 60 ಪ್ರತಿ. ಲೇಖನಗಳನ್ನು ಬರೆದವರು ಅವರೇ, ಚಿತ್ರಗಳನ್ನು ಕಲ್ಲಚ್ಚಿಗೆ ಇಳಿಸಿದವರೂ ಅವರೇ. ಬಹುಪಾಲು ಪ್ರತಿಗಳನ್ನು ವಿದೇಶದ ವಿದ್ವಾಂಸರಿಗೆ ಅಂಚೆಯಲ್ಲಿ ಕಳುಹಿಸಿ ಕಾದು ಕುಳಿತರು. ನಮ್ಮದೇ ಜಿಲ್ಲೆಯಾಗಿದ್ದ ಅಂದಿನ ದಕ್ಷಿಣ ಕನ್ನಡದಲ್ಲಿ, ಪುತ್ತೂರಿನಲ್ಲಿ ಕುಳಿತು ಶಿವರಾಮ ಕಾರಂತರು ಮಕ್ಕಳಿಗಾಗಿ ಬಾಲಪ್ರಪಂಚವನ್ನೂ ದೊಡ್ಡವರಿಗಾಗಿ ವಿಜ್ಞಾನ ಪ್ರಪಂಚವನ್ನೂ ಬರೆದದ್ದನ್ನು ಬಲ್ಲ ನಮ್ಮವರಿಗೆ ಇಂಥ ದುಡಿಮೆಯ ರೀತಿ ಪರಿಚಿತವೇ.

ಅಂಚೆಯಿಂದ ಉತ್ತರ ಹೆಚ್ಚೇನೂ ಬರಲಿಲ್ಲ. 1889ರ ಅಕ್ಟೋಬರದಲ್ಲಿ ಅವರು ಉಳಿಸಿಟ್ಟ ಹಣವನ್ನೆಲ್ಲ ಕೂಡಿಸಿ, ಗಾಜಿನ ಫಲಕಗಳ ಪೆಟ್ಟಿಗೆಯನ್ನು ಹೊತ್ತು, ಬರ್ಲಿನ್ನಿನಲ್ಲಿ ಸೇರಿದ್ದ ಜರ್ಮನ್ ಅಂಗರಚನಾ ಸಂಘದ ಸಮ್ಮೇಳನಕ್ಕೆ ಹೋದರು. ಜರ್ಮನ್ ಮಾತಾಡಲು ಬಾರದು. ಗುಹೆಯಲ್ಲಿ ಕಲಿತ ಫ್ರೆಂಚೋ ತೊದಲು. ಮೇಜಿನ ಮೇಲೆ ಸೂಕ್ಷ್ಮದರ್ಶಕಗಳನ್ನು ಸಾಲಾಗಿಟ್ಟು, ಫಲಕಗಳನ್ನು ಹೊಂದಿಸಿ, ಹಾದುಹೋಗುವವರನ್ನು ಕರೆದು ಕರೆದು ತೋರಿಸಿದರು. ಹಲವರು ಅನುಮಾನದಿಂದಲೇ ಬಗ್ಗಿದರು. ಅವರಲ್ಲಿ ಎಪ್ಪತ್ತು ದಾಟಿದ ಆಲ್ಬರ್ಟ್ ಕೋಲಿಕರ್ ಇದ್ದರು, ಆ ಕಾಲದ ಸೂಕ್ಷ್ಮರಚನಾಶಾಸ್ತ್ರದ ಪಿತಾಮಹರೆನ್ನಬಹುದಾದವರು. ಅವರು ನೋಡಿದರು, ಮತ್ತೆ ನೋಡಿದರು. ಆಮೇಲೆ ಈ ಅಪರಿಚಿತನನ್ನು ತಮ್ಮ ಬಂಡಿಯಲ್ಲಿ ಕೂರಿಸಿಕೊಂಡು ಹೋಗಿ, ಊಟಕ್ಕಿಟ್ಟು, ದೊಡ್ಡ ದೊಡ್ಡವರಿಗೆ ಪರಿಚಯಿಸಿದರು. ಊರಿಗೆ ಹಿಂದಿರುಗಿ ಅದೇ ಕ್ರಮವನ್ನು ತಾವೇ ನಡೆಸಿ, ಕಹಾಲರು ಹೇಳಿದ್ದು ಸರಿಯೆಂದು ಪ್ರಕಟಿಸಿದರು. ತಾವು ಬಹುಕಾಲ ನಂಬಿದ್ದ ಬಲೆಯ ಮತವನ್ನು ಆ ವಯಸ್ಸಿನಲ್ಲಿ ಕೈಬಿಟ್ಟರು. ಅಷ್ಟಕ್ಕೇ ನಿಲ್ಲದೆ, ಕಹಾಲರ ಬರೆಹಗಳನ್ನು ಓದಲೆಂದೇ ಸ್ಪ್ಯಾನಿಷ್ ಭಾಷೆಯನ್ನು ಕಲಿತರೆಂದು ಪ್ರಸಿದ್ಧಿಯಿದೆ. ನಮ್ಮ ಮೇಜಿನ ಎದುರು ಕುಳಿತ ತಂದೆತಾಯಿಗಳಿಗೆ ನಾವು ಹೇಳಬೇಕೆಂದುಕೊಳ್ಳುವ ಕಥೆ ಇದೇ. ಆದರೆ ಪ್ರಾಮಾಣಿಕವಾಗಿ ಹೇಳುವುದಾದರೆ, ಅದರ ಇನ್ನೊಂದು ಮುಖವನ್ನೂ ಮುಚ್ಚಿಡಬಾರದು. ಕಹಾಲರು ತಮ್ಮ ಭಾಷೆಯನ್ನು ಬಿಡಲಿಲ್ಲ ನಿಜ. ಆದರೆ ಫ್ರೆಂಚ್ ಕಲಿತಿದ್ದರು, ಜರ್ಮನ್ ಓದುತ್ತಿದ್ದರು, ಮುಖ್ಯವಾದ ಪ್ರಬಂಧಗಳನ್ನು ಫ್ರೆಂಚಿನಲ್ಲಿಯೂ ಬರುವಂತೆ ನೋಡಿಕೊಂಡರು. ನಮ್ಮ ಮಕ್ಕಳಿಗೂ ಇನ್ನೊಂದು ಭಾಷೆಯನ್ನು ಗಟ್ಟಿಯಾಗಿ ಕಲಿಸದೆ ಕೇವಲ ಅಭಿಮಾನವನ್ನು ಕೊಟ್ಟರೆ ಸಾಲದೆಂಬುದು ನಮಗೆ ಗೊತ್ತು. ಅದರಲ್ಲಿ ನಾವು ಇನ್ನೂ ಹಿಂದಿದ್ದೇವೆ.

1891ರಲ್ಲಿ ಜರ್ಮನಿಯ ವಾಲ್ಡೆಯರ್ ಈ ಸ್ವತಂತ್ರ ನರಕೋಶಕ್ಕೆ ನ್ಯೂರಾನ್ ಎಂಬ ಹೆಸರಿಟ್ಟರು. 1892ರಲ್ಲಿ ಕಹಾಲರು ಮಾದ್ರಿದ್ ವಿಶ್ವವಿದ್ಯಾಲಯಕ್ಕೆ ಬಂದರು. 1894ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಪ್ರತಿಷ್ಠಿತವಾದ ಕ್ರೂನಿಯನ್ ಉಪನ್ಯಾಸಕ್ಕೆ ಆಹ್ವಾನಿಸಿತು. ಅವರು ಫ್ರೆಂಚಿನಲ್ಲಿ ಮಾತಾಡಿದರು. ಉಳಿದುಕೊಂಡದ್ದು ತರುಣ ಶರೀರಕ್ರಿಯಾಶಾಸ್ತ್ರಜ್ಞ ಚಾರ್ಲ್ಸ್ ಶೆರಿಂಗ್ಟನ್ನರ ಮನೆಯಲ್ಲಿ. ಅತಿಥಿಯು ಮಲಗುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡು, ಹೊರಗೆ ಹೋಗುವಾಗ ಬೀಗ ಹಾಕಿಕೊಂಡು ಹೋಗುತ್ತಿದ್ದುದು ಮನೆಯವರಿಗೆ ಸೋಜಿಗವಾಗಿತ್ತಂತೆ. ಈ ಅತಿಥೇಯರೇ ಮುಂದೆ 1897ರಲ್ಲಿ, ಕೋಶದಿಂದ ಕೋಶಕ್ಕೆ ವಾರ್ತೆ ದಾಟುವ ತಾಣಕ್ಕೆ ಸಿನಾಪ್ಸ್ ಎಂದು ಹೆಸರಿಟ್ಟವರು. ಕಣ್ಣು ಮುಚ್ಚಿದರೂ ಕೈಕಾಲುಗಳ ಇರವನ್ನು ತಿಳಿಸುವ ದೇಹಸ್ಥಿತಿಯ ಸಂವೇದನೆಗೆ 1906ರಲ್ಲಿ ಪ್ರತ್ಯೇಕ ಹೆಸರು ಕೊಟ್ಟವರೂ ಅವರೇ.

ತಂತುಗಳು ನಡುಗೆರೆಯನ್ನು ದಾಟುವುದೇಕೆ ಎಂಬ ಪ್ರಶ್ನೆ ಕಹಾಲರನ್ನು ಬಹಳ ಕಾಡಿತು. ಬಲಗೈಯ ವಾರ್ತೆ ಬಲಮಿದುಳಿಗೇ ಹೋಗಿದ್ದರೆ ಏನು ನಷ್ಟವಾಗುತ್ತಿತ್ತು? 1898ರಲ್ಲಿ ಅವರು ಒಂದು ಊಹೆಯನ್ನು ಮುಂದಿಟ್ಟರು. ಕಣ್ಣಿನ ಮಸೂರ ನೋಟವನ್ನು ತಲೆಕೆಳಗು ಮಾಡುತ್ತದೆ, ಎಡಬಲವನ್ನೂ ಬದಲಿಸುತ್ತದೆ. ಎರಡು ಪಕ್ಕಗಳಲ್ಲಿ ಕಣ್ಣಿರುವ ಪ್ರಾಣಿಗಳಲ್ಲಿ, ಎರಡು ಕಣ್ಣಿನ ಅರ್ಧ ಅರ್ಧ ನೋಟಗಳು ಮಿದುಳಿನಲ್ಲಿ ಒಂದೇ ಅಖಂಡ ದೃಶ್ಯವಾಗಿ ಕೂಡಬೇಕಾದರೆ ಕಣ್ಣಿನ ನರಗಳು ಅಡ್ಡ ಹಾಯಲೇಬೇಕು. ಕಣ್ಣಿನ ನರ ದಾಟಿದ ಮೇಲೆ, ನೋಟಕ್ಕೆ ಹೊಂದಿಕೆಯಾಗಿ ಕೈಕಾಲುಗಳನ್ನು ಆಡಿಸುವ ನರಗಳೂ, ಸ್ಪರ್ಶವನ್ನು ತರುವ ನರಗಳೂ ಅದೇ ಪಕ್ಕಕ್ಕೆ ದಾಟಿದವು. ಮಣಿಶಿರದ ಆ ಬಿಲ್ಲಿನಾಕಾರದ ತಂತುಗಳಿಗೆ ಅವರು ಕೊಟ್ಟ ಕಾರಣ ಇದು. ಇಂದಿನ ವಿಜ್ಞಾನಿಗಳೆಲ್ಲರೂ ಇದನ್ನು ಒಪ್ಪಿಲ್ಲ, ಚರ್ಚೆ ನಡೆದೇ ಇದೆ. ನಮಗಂತೂ ಇದು ಅವರ ಚಿತ್ರಗಳಷ್ಟೇ ಸುಂದರವಾಗಿ ತೋರುತ್ತದೆ.

1899ರಿಂದ 1904ರವರೆಗೆ ಅವರ ಮಹಾಗ್ರಂಥ ಸ್ಪ್ಯಾನಿಷಿನಲ್ಲಿ ಹೊರಬಂದಿತು. ಸುಮಾರು 1800 ಪುಟಗಳು, ಎಂಟುನೂರಕ್ಕೂ ಮಿಕ್ಕ ಚಿತ್ರಗಳು. ಬೆನ್ನುಹುರಿ, ಮಿದುಳಿನ ಕಾಂಡ, ಅನುಮಸ್ತಿಷ್ಕ, ಮಹಾಮಸ್ತಿಷ್ಕ ಒಂದನ್ನೂ ಬಿಟ್ಟಿಲ್ಲ. 1906ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಅದನ್ನು ಹಂಚಿಕೊಂಡವರು ಗೋಲ್ಗಿ. ಸ್ಟಾಕ್‌ಹೋಮಿನಲ್ಲಿ ಇಬ್ಬರೂ ಮೊದಲ ಸಲ ಎದುರಾದರು. ಮೊದಲು ಮಾತಾಡಿದ ಗೋಲ್ಗಿ ತಮ್ಮ ಭಾಷಣವನ್ನು ನ್ಯೂರಾನ್ ಮತದ ಖಂಡನೆಗೇ ಮೀಸಲಿಟ್ಟರು. ಯಾರ ಬಣ್ಣದಿಂದ ಕಹಾಲರು ಸತ್ಯವನ್ನು ಕಂಡರೋ ಅವರೇ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ. ಮರುದಿನ ಕಹಾಲರು ತಾವು ಕಂಡದ್ದನ್ನು ವಿವರಿಸಿದರು, ಗೋಲ್ಗಿಯವರ ಕ್ರಮಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಿದರು.

ಅನಂತರದ ವರ್ಷಗಳನ್ನು ಬೇಗ ಹೇಳಿ ಮುಗಿಸಬಹುದು. ತುಂಡಾದ ನರ ಮತ್ತೆ ಹೇಗೆ ಬೆಳೆಯುತ್ತದೆಂಬ ಸಂಶೋಧನೆ, ಬಣ್ಣದ ಛಾಯಾಗ್ರಹಣದ ಬಗೆಗೆ 1912ರಲ್ಲಿ ಒಂದು ಪುಸ್ತಕ, ತಮ್ಮ ಬಾಲ್ಯದ ತುಂಟತನಗಳನ್ನೆಲ್ಲ ಒಪ್ಪಿಕೊಂಡ ಆತ್ಮಕಥೆ, ಕೈಕೆಳಗೆ ಬೆಳೆದ ಶಿಷ್ಯವರ್ಗ. ಎಪ್ಪತ್ತು ತುಂಬಿ 1922ರಲ್ಲಿ ಪ್ರಾಧ್ಯಾಪಕತ್ವದಿಂದ ನಿವೃತ್ತರಾದರು. 1930ರಲ್ಲಿ ಸಿಲ್ವೆರಿಯಾ ತೀರಿಕೊಂಡರು. ಬಲೆಯ ಮತ ಆಗಾಗ ತಲೆಯೆತ್ತುತ್ತಿದ್ದುದರಿಂದ, 1933ರಲ್ಲಿ, ಎಂಬತ್ತೊಂದರ ಪ್ರಾಯದಲ್ಲಿ, ತಾವು ನೋಡಿದ ಆಧಾರಗಳನ್ನೆಲ್ಲ ಮತ್ತೊಮ್ಮೆ ಒಂದೆಡೆ ಸೇರಿಸಿ ಬರೆದರು. ಅದೂ ಸ್ಪ್ಯಾನಿಷಿನಲ್ಲಿಯೇ. 1934ರ ಅಕ್ಟೋಬರ 17ರಂದು ಮಾದ್ರಿದಿನಲ್ಲಿ ನಿಧನರಾದರು. ಕೋಶ ಕೋಶಗಳ ನಡುವಣ ತೆರಪನ್ನು ಅವರು ಕಣ್ಣಾರೆ ನೋಡಿರಲಿಲ್ಲ. ಬೆಳಕಿನ ಸೂಕ್ಷ್ಮದರ್ಶಕಕ್ಕೆ ಅದು ಎಟುಕುವುದಿಲ್ಲ. 1950ರ ದಶಕದಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕ ಅದನ್ನು ತೋರಿಸಿತು: ಒಂದು ಮಿಲಿಮೀಟರಿನ 50,000ದಲ್ಲಿ ಸುಮಾರು ಒಂದು ಪಾಲು.

ನಮ್ಮ ವಿಜ್ಞಾನ ಕೊಠಡಿಯ ಗೋಡೆಯಲ್ಲಿ ಹಿಂದಿನ ಚಿತ್ರಕಲಾ ಅಧ್ಯಾಪಕರೊಬ್ಬರು ಬರೆದ ನರಕೋಶದ ಪಟವಿದೆ. ಕೆಳಗೆ ಕನ್ನಡದಲ್ಲಿ ಭಾಗಗಳ ಹೆಸರುಗಳು, ಪಕ್ಕದಲ್ಲಿ ವಾರ್ತೆಯ ದಿಕ್ಕನ್ನು ತೋರಿಸುವ ಕೆಂಪು ಬಾಣಗಳು. ಬಣ್ಣ ಮಾಸಿದೆ. ಶತಮಾನೋತ್ಸವಕ್ಕೆ ಗೋಡೆಗೆ ಸುಣ್ಣ ಹೊಡೆಯುವಾಗ ಅದನ್ನು ತೆಗೆದಿಡಲು ಹೇಳಿದ್ದೆವು. ಒಂಬತ್ತನೆಯ ತರಗತಿಯ ಇಬ್ಬರು ಮಕ್ಕಳು ಈಗ ಚಿತ್ರಕಲೆಯ ಪಾಠದ ಹೊತ್ತಿನಲ್ಲಿ ಅದನ್ನು ಹೊಸದಾಗಿ ಬರೆಯುತ್ತಿದ್ದಾರೆ.